ಲಿಪಿಕಾರರ ಭಾಷೆ: ಫಾರಸಿಯೂ ಅದರ ನೆರೆಹೊರೆಯೂ

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿರುವುದು ಓದುಗರಿಗೆ ತಿಳಿದ ವಿಷಯವೇ. ಬಿ. ಎಲ್. ರೈಸ್ ಅವರು 1890ರ ದಶಕದ ಆದಿಯಲ್ಲಿ ಅದನ್ನು ಬೆಳಕಿಗೆ ತಂದರು. ಆ ಶಾಸನದ ಕೊನೆಯಲ್ಲಿ ಅದನ್ನು ಬರೆದವನ ಹೆಸರಿದೆ: ಚಪಡ. ಶಾಸನವೆಲ್ಲವೂ ಬ್ರಾಹ್ಮಿಯಲ್ಲಿದ್ದರೂ 'ಲಿಪಿಕಾರನಿಂದ' ಎಂಬ ಅರ್ಥ ಕೊಡುವ ಕೊನೆಯ ಪದವನ್ನು ಮಾತ್ರ ಆತನು ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಖರೋಷ್ಠಿಯು ವಾಯವ್ಯ ಭಾರತದ ಲಿಪಿ. ಪಾರಸಿಕ ಸಾಮ್ರಾಜ್ಯದ ಕಚೇರಿಗಳಲ್ಲಿ ಬಳಕೆಯಲ್ಲಿದ್ದ ಅರಾಮಿಕ್ ಲಿಪಿಯಿಂದ ಹುಟ್ಟಿದುದು. ಮೊಳಕಾಲ್ಮೂರಿನ ಬಂಡೆಯ ಮುಂದೆ ನಿಂತು ಅದನ್ನು ಓದಬಲ್ಲವರು ಆ ಕಾಲದಲ್ಲಿ ಎಷ್ಟು ಮಂದಿ ಇದ್ದರೋ! ತಾನು ಎರಡು ಲಿಪಿಗಳನ್ನು ಬಲ್ಲವನೆಂಬ ಹೆಮ್ಮೆಯಿಂದ ಚಪಡನು ಹಾಗೆ ಬರೆದಿರಬಹುದು. ಅದು ಹೇಗೇ ಇರಲಿ, ನಮ್ಮ ವಿಚಾರಕ್ಕೆ ಮುಖ್ಯವಾದುದು ಆ ಪದದ ಮೊದಲ ಭಾಗ, 'ಲಿಪಿ'.

ಈ ಪದವನ್ನು ನಾವು ಅಚ್ಚ ಸಂಸ್ಕೃತವೆಂದು ಭಾವಿಸಿ ಬಳಸುತ್ತೇವೆ. ಪಾಣಿನಿಯೂ 'ಲಿಪಿ', 'ಲಿಬಿ' ಎಂಬ ಎರಡು ರೂಪಗಳನ್ನು ಸೂತ್ರದಲ್ಲಿ ಹೇಳಿದ್ದಾನೆ. ಆದರೆ ಅಶೋಕನ ಶಾಸನಗಳಲ್ಲೇ ವಾಯವ್ಯದ ಶಹಬಾಜ್‌ಗಢಿ ಮತ್ತು ಮಾನ್‌ಸೆಹ್ರಾಗಳಲ್ಲಿ ಇದರ ರೂಪ 'ದಿಪಿ' ಎಂದಿದೆ. ಅದೇ 'ದಿಪಿ', ಕ್ರಿ.ಪೂ. 520ರ ಸುಮಾರಿನಲ್ಲಿ ಬೆಹಿಸ್ತೂನ್ ಬೆಟ್ಟದ ಮೇಲೆ ಕೆತ್ತಿಸಿದ ಪಾರಸಿಕ ಚಕ್ರವರ್ತಿ ದಾರಯವಹುವಿನ ಶಾಸನದಲ್ಲಿ 'ಬರಹ' ಎಂಬ ಅರ್ಥದಲ್ಲಿ ಬರುತ್ತದೆ. ಶಹಬಾಜ್‌ಗಢಿಯಲ್ಲಿ 'ಬರೆಯಲಾಯಿತು' ಎಂಬುದಕ್ಕೂ ಸಂಸ್ಕೃತದ 'ಲಿಖ್' ಧಾತುವಿನ ಬದಲು ಹಳೆಯ ಪಾರಸಿಕದ 'ನಿಪಿಸ್ತ'ವನ್ನೇ ಬಳಸಿದ್ದಾರೆ. ಪಾಣಿನಿಯ ಹುಟ್ಟೂರಾದ ಶಾಲಾತುರ ಗಾಂಧಾರ ದೇಶದ್ದು. ಗಾಂಧಾರವು ಪಾರಸಿಕ ಸಾಮ್ರಾಜ್ಯದ ಒಂದು ಪ್ರಾಂತ. ಆದ್ದರಿಂದ ಪದವು ಯಾವ ದಾರಿಯಲ್ಲಿ ನಡೆದು ಬಂದಿತೆಂಬುದು ಸ್ಪಷ್ಟ.

ಪಾರಸಿಕರೂ ಈ ಪದವನ್ನು ತಾವೇ ಕಟ್ಟಿಕೊಂಡವರಲ್ಲ. ತಮಗಿಂತ ಹಿಂದಿನ ಎಲಾಮ್ ಜನರಿಂದ ಪಡೆದರು. ಎಲಾಮಿನವರು ಬಾಬಿಲೋನಿನವರಿಂದ, ಬಾಬಿಲೋನಿನವರು ಸುಮೇರಿಯರಿಂದ. ಸುಮೇರಿಯರಲ್ಲಿ 'ದುಬ್' ಎಂದರೆ ಬರೆಯುವ ಮಣ್ಣಿನ ಹಲಗೆ. ಸಾಲದ ಪದವನ್ನೇ ಅವರು ಇನ್ನೊಬ್ಬರಿಗೆ ಸಾಲ ಕೊಟ್ಟರು.

'ದಿಪಿ'ಯ ಸಂತತಿ ಬಹು ದೊಡ್ಡದು. ಬರೆಯುವವನು 'ದಬೀರ', ಕಾಶ್ಮೀರದ ಸಂಸ್ಕೃತದಲ್ಲಿ ಅವನೇ 'ದಿವಿರ'ನಾದ. ಕ್ಷೇಮೇಂದ್ರನು ತನ್ನ ವಿಡಂಬನ ಕಾವ್ಯಗಳಲ್ಲಿ ಈ ದಿವಿರರ ಲಂಚಕೋರತನವನ್ನು ಚೆನ್ನಾಗಿ ಛೇಡಿಸಿದ್ದಾನೆ. ಬರಹಗಳನ್ನು ಇಡುವ ಸ್ಥಳ 'ದೀವಾನ'. ಈ ಪದ ಅರಬ್ಬರಲ್ಲಿ ರಾಜ್ಯದ ಲೆಕ್ಕದ ಇಲಾಖೆಯಾಯಿತು, ತುರ್ಕರಲ್ಲಿ ಮಂತ್ರಿಸಭೆಯಾಯಿತು. ಕವಿಗಳಲ್ಲಿ ಒಬ್ಬನ ಕವಿತೆಗಳೆಲ್ಲದರ ಸಂಕಲನವಾಯಿತು. ಇಟಲಿಯಲ್ಲಿ 'ದೊಗಾನ'ವಾಗಿ, ಫ್ರಾನ್ಸಿನಲ್ಲಿ 'ದುವಾನ್' ಆಗಿ ಸುಂಕದಕಟ್ಟೆಯ ಹೆಸರಾಯಿತು. ಜರ್ಮನಿಯ ಗಯಟೆ ಮಹಾಕವಿಯು ಹಾಫಿಜನನ್ನು ಅನುವಾದದಲ್ಲಿ ಓದಿ ಮೆಚ್ಚಿ 1819ರಲ್ಲಿ ಪ್ರಕಟಿಸಿದ ಕವನಸಂಗ್ರಹಕ್ಕೂ ಇದೇ ಹೆಸರು. ಮೈಸೂರಿನ ದಿವಾನರನ್ನು ಬಲ್ಲ ನಮಗೆ ಇದನ್ನು ಪರಿಚಯಿಸಬೇಕಾಗಿಲ್ಲ. 'ನಿಪಿಸ್ತ'ದ ಧಾತುವಿನಿಂದಲೇ ಈಚಿನ ಫಾರಸಿಯ 'ನವೀಸ', ಎಂದರೆ ಬರೆಯುವವನು. ಪೇಶ್ವೆಯರ ಕಾಲದ ಫಡ್ನವೀಸ, ಚಿಟ್ನವೀಸರು ಈ ವಂಶದವರೇ.

ಪದಗಳ ವಂಶಾವಳಿಯನ್ನು ಇಷ್ಟು ವಿಸ್ತರಿಸಿದುದಕ್ಕೆ ಕಾರಣವಿದೆ. ಫಾರಸಿ ಭಾಷೆಯು ನೆರೆಯ ಜನಾಂಗಗಳಲ್ಲಿ ಹರಡಿದುದು ಖಡ್ಗದ ಬಲದಿಂದ ಎಂಬ ಮಾತು ಸಾಮಾನ್ಯವಾಗಿ ಕೇಳಿಬರುತ್ತದೆ. ಇತಿಹಾಸವನ್ನು ಪರಿಶೀಲಿಸಿದರೆ ಇದು ನಿಲ್ಲುವುದಿಲ್ಲ. ಪಾರಸಿಕರ ಕೈಯಲ್ಲಿ ಖಡ್ಗವಿದ್ದಾಗ ಅವರ ಭಾಷೆ ಹೊರಗೆ ಹೆಚ್ಚು ದೂರ ಹೋಗಲಿಲ್ಲ. ಅವರ ರಾಜ್ಯ ಅಳಿದು, ಅರಬ್ಬರೂ ತುರ್ಕರೂ ಮಂಗೋಲರೂ ಅವರನ್ನು ಆಳತೊಡಗಿದ ಮೇಲೆಯೇ ಅದು ದೇಶದೇಶಗಳಿಗೆ ಹಬ್ಬಿತು. ಹಬ್ಬಿಸಿದವರು ಲೆಕ್ಕ ಬರೆಯುವವರು, ಪತ್ರ ಬರೆಯುವವರು, ಅವರ ಮಕ್ಕಳಿಗೆ ಪಾಠ ಹೇಳಿದವರು.

ದಾರಯವಹುವಿನ ಸಾಮ್ರಾಜ್ಯ ಸಿಂಧೂ ನದಿಯಿಂದ ಈಜಿಪ್ತಿನವರೆಗೆ ಹಬ್ಬಿತ್ತು. ನಮ್ಮ ಸಿಂಧುವನ್ನು 'ಹಿಂದು' ಎಂದು ಉಚ್ಚರಿಸಿ ನಮಗೆ ಈ ಹೆಸರನ್ನು ಕೊಟ್ಟವರು ಪಾರಸಿಕರೇ. ಆದರೆ ಅಷ್ಟು ದೊಡ್ಡ ರಾಜ್ಯದ ಕಚೇರಿಯ ಭಾಷೆ ಪಾರಸಿಕವಾಗಿರಲಿಲ್ಲ! ದೂರದ ಪ್ರಾಂತಗಳಿಗೆ ಹೋಗುತ್ತಿದ್ದ ಪತ್ರಗಳು ಅರಾಮಿಕ್ ಭಾಷೆಯವು. ರಾಜಧಾನಿ ಪರ್ಸೆಪೊಲಿಸ್‌ನಲ್ಲಿ 1933ರಲ್ಲಿ ಸಿಕ್ಕಿದ ಸಾವಿರಾರು ಲೆಕ್ಕದ ಮಣ್ಣಿನ ಹಲಗೆಗಳು ಬಹುತೇಕ ಎಲಾಮ್ ಭಾಷೆಯಲ್ಲಿವೆ. ರಾಜನು ತನ್ನ ಭಾಷೆಯನ್ನು ಬಂಡೆಯ ಮೇಲೆ ವೈಭವಕ್ಕಾಗಿ ಕೆತ್ತಿಸಿದನು. ಧಾನ್ಯ ಅಳೆಯುವ ಲೆಕ್ಕಕ್ಕೆ ಲೆಕ್ಕಿಗರು ಬಲ್ಲ ಭಾಷೆಯೇ ಬೇಕಾಯಿತು.

ನೆರೆಯವರ ಪೈಕಿ ಆರ್ಮೇನಿಯದ ಕಥೆಯನ್ನು ತುಸು ನಿಧಾನವಾಗಿ ನೋಡಬೇಕು. ಆ ಗುಡ್ಡಗಾಡಿನ ನಾಡನ್ನು ಪಾರ್ಥಿಯನ್ ಮೂಲದ ಅರಸರು ಕ್ರಿ.ಶ. 428ರವರೆಗೆ ಆಳಿದರು. ಆ ಶತಮಾನಗಳಲ್ಲಿ ಇರಾನಿನ ಪದಗಳು ಆರ್ಮೇನಿಯದ ಭಾಷೆಗೆ ಹೊಳೆಯಂತೆ ಹರಿದವು. ಬರೆಯುವವನು 'ದ್ಪಿರ್', ಪಾಠಶಾಲೆ 'ದ್ಪ್ರೋತ್ಸ್'. ಮತ್ತೆ ನಮ್ಮ ಹಳೆಯ 'ದಿಪಿ'. ಸಾವಿರಕ್ಕೆ 'ಹಜಾರ್', ಆಜ್ಞೆಗೆ 'ಹ್ರಮಾನ್', ಸ್ವತಂತ್ರನಿಗೆ 'ಅಜಾತ್'. ಯುರೋಪಿನ ಭಾಷಾಶಾಸ್ತ್ರಜ್ಞರು ಬಹಳ ಕಾಲ ಆರ್ಮೇನಿಯನ್ನನ್ನು ಫಾರಸಿಯ ಒಂದು ಉಪಭಾಷೆಯೆಂದೇ ಎಣಿಸಿದ್ದರು. 1875ರಲ್ಲಿ ಹ್ಯೂಬ್ಶ್‌ಮನ್ ಎಂಬ ಜರ್ಮನ್ ವಿದ್ವಾಂಸನು ಸಾಲದ ಪದಗಳನ್ನೆಲ್ಲ ಒಂದು ಕಡೆಗೆ ಬಿಡಿಸಿಟ್ಟು, ಉಳಿದ ಮೂಲಪದಗಳ ಧ್ವನಿನಿಯಮಗಳು ಇರಾನಿನ ಭಾಷೆಗಳವಲ್ಲವೆಂದು ತೋರಿಸಿ, ಅದು ಸ್ವತಂತ್ರವಾದ ಭಾಷೆಯೆಂದು ಸಿದ್ಧಪಡಿಸಿದನು. ಕನ್ನಡವು ಸಂಸ್ಕೃತದಿಂದ ಹುಟ್ಟಿದುದೆಂದು ಒಂದು ಕಾಲದಲ್ಲಿ ನಂಬಿದ್ದವರನ್ನೂ, 1856ರಲ್ಲಿ ಕಾಲ್ಡ್‌ವೆಲ್ ಮಾಡಿದ ಕೆಲಸವನ್ನೂ ನೆನೆದರೆ ಈ ಸಂಗತಿಯ ಬೆಲೆ ನಮಗೆ ಬೇಗ ತಿಳಿಯುತ್ತದೆ.

ಇಷ್ಟು ಸಾಲ ಪಡೆದ ಜನಾಂಗ ತನ್ನತನವನ್ನು ಕಳೆದುಕೊಂಡಿತೇ? ಕ್ರಿ.ಶ. 405ರ ಸುಮಾರಿನಲ್ಲಿ ಮೆಸ್ರೋಪ್ ಮಶ್ತೋತ್ಸ್ ಎಂಬ ಸಂನ್ಯಾಸಿ ತನ್ನ ನುಡಿಗೆಂದೇ ಹೊಸ ವರ್ಣಮಾಲೆಯನ್ನು ರಚಿಸಿದನು. ಕ್ರೈಸ್ತರಾಗಿದ್ದ ಆರ್ಮೇನಿಯರ ಮೇಲೆ ಇರಾನಿನ ಸಾಸಾನಿ ಚಕ್ರವರ್ತಿಯು ತನ್ನ ಅಗ್ನಿಪೂಜೆಯ ಮತವನ್ನು ಹೇರಹೊರಟಾಗ 451ರಲ್ಲಿ ಅವರಾಯ್ರ್ ಬಯಲಿನಲ್ಲಿ ಅವರು ಎದುರು ನಿಂತು ಹೋರಾಡಿದರು. ಸೇನಾನಿ ವರ್ದಾನ್ ಮಾಮಿಕೋನ್ಯಾನ್ ರಣದಲ್ಲಿ ಮಡಿದನು. ಆ ಕದನದ ಕಥೆಯನ್ನು ಯೆಘಿಶೆ ಎಂಬ ಇತಿಹಾಸಕಾರನು ಬರೆದಿಟ್ಟ ಭಾಷೆಯಲ್ಲಿ ಸ್ವತಂತ್ರನೆಂಬುದಕ್ಕೆ ಇರುವ ಪದವೇ ಎದುರಾಳಿಯ ನಾಡಿನಿಂದ ಬಂದುದು. ಪದವನ್ನು ಒಪ್ಪಿಕೊಂಡವರು ಪ್ರಭುತ್ವವನ್ನು ಒಪ್ಪಲಿಲ್ಲ. ಸ್ವಂತ ಲಿಪಿ, ಆ ಲಿಪಿಯಲ್ಲಿ ಗ್ರಂಥ, ಆ ಗ್ರಂಥವನ್ನು ಓದಿಸುವ ಮಠಗಳು: ಈ ಮೂರು ಇದ್ದುದರಿಂದ ಅವರ ಭಾಷೆ ಉಳಿಯಿತೆಂದು ನನ್ನ ಅಭಿಪ್ರಾಯ.

ನೆರೆಯ ಜಾರ್ಜಿಯದವರೂ ಹಾಗೆಯೇ. ಅಲ್ಲಿ ಕಾರ್ಯದರ್ಶಿಗೆ 'ಮ್ದಿವಾನಿ' ಎಂದು ಹೆಸರು. ಒಳಗೆ ಅಡಗಿರುವ ದಿವಾನ ಕಾಣುತ್ತಾನೆ. ಗುರ್ಗಾನಿ ಎಂಬ ಫಾರಸಿ ಕವಿಯ 'ವೀಸ್ ಮತ್ತು ರಾಮೀನ್' ಪ್ರೇಮಕಾವ್ಯವನ್ನು 12ನೆಯ ಶತಮಾನದಲ್ಲಿ ಅವರು ತಮ್ಮ ನುಡಿಯ ಗದ್ಯಕ್ಕೆ ತಂದರು. ತಮಾರಾ ರಾಣಿಯ ಕಾಲದ ರುಸ್ತವೇಲಿ ಮಹಾಕವಿ ತನ್ನ ಕಾವ್ಯದ ಪೀಠಿಕೆಯಲ್ಲಿ ಇದೊಂದು ಫಾರಸಿ ಕಥೆಯೆಂದು ಹೇಳಿಕೊಂಡಿದ್ದಾನೆ. ಆದರೆ ಅಂಥ ಮೂಲ ಫಾರಸಿಯಲ್ಲಿ ಎಲ್ಲಿಯೂ ದೊರೆತಿಲ್ಲ. ತನ್ನ ಕಲ್ಪನೆಗೆ ಗೌರವ ಬರಲೆಂದು ಕವಿ ಹೊರಗಿನ ಮೂಲವನ್ನು ಹೇಳಿಕೊಳ್ಳುವುದು ನಮ್ಮಲ್ಲಿಯೂ ಅಪರೂಪವೇನಲ್ಲ.

ಕ್ರಿ.ಶ. 651ರಲ್ಲಿ ಕೊನೆಯ ಸಾಸಾನಿ ಅರಸನಾದ ಮೂರನೆಯ ಯಜ್ದಗಿರ್ದನು ಹತನಾದನು. ಅರಬ್ಬರು ಇರಾನನ್ನು ಗೆದ್ದರು. ಗೆದ್ದವರಿಗೆ ಕಂದಾಯದ ಲೆಕ್ಕ ಬರೆಯುವುದು ತಿಳಿಯದು. ಹೀಗಾಗಿ ಇರಾಕಿನ ದಿವಾನದ ಲೆಕ್ಕಗಳು ಸುಮಾರು ಅರ್ಧ ಶತಮಾನದವರೆಗೆ ಫಾರಸಿಯಲ್ಲಿಯೇ ನಡೆದವು. ಏಳನೆಯ ಶತಮಾನದ ಕೊನೆಗೆ ಖಲೀಫ ಅಬ್ದುಲ್ ಮಲಿಕನ ಕಾಲದಲ್ಲಿ ಅವು ಅರಬ್ಬೀ ಭಾಷೆಗೆ ಬದಲಾದವು. ಬದಲಾಯಿಸಿಕೊಟ್ಟವನೂ ಇರಾನಿ ಮೂಲದ ಲೆಕ್ಕಿಗನೇ. ಮುಂದಿನ ಶತಮಾನದಲ್ಲಿ ಇಬ್ನುಲ್ ಮುಕಫ್ಫ ಎಂಬ ಇನ್ನೊಬ್ಬ ಪಾರಸಿಕ ಲಿಪಿಕಾರನು ಅರಬ್ಬೀ ಗದ್ಯಕ್ಕೆ ಮೇಲ್ಪಂಕ್ತಿ ಹಾಕಿದನು. ನಮ್ಮ ಪಂಚತಂತ್ರವನ್ನು ಒಂದನೆಯ ಖುಸ್ರುವಿನ (531-579) ಕಾಲದಲ್ಲಿ ಬುರ್ಜೋಯ್ ಎಂಬ ವೈದ್ಯನು ಪಹ್ಲವಿಗೆ ತಂದಿದ್ದನಷ್ಟೆ. ಅದನ್ನು 'ಕಲೀಲ ಮತ್ತು ದಿಮ್ನ' ಎಂಬ ಹೆಸರಿನಿಂದ ಅರಬ್ಬೀಗೆ ತಂದವನು ಇವನೇ. ಕರಟಕ ದಮನಕರು ಆ ಹೆಸರುಗಳ ಒಳಗಿದ್ದಾರೆ. ಅಲ್ಲಿಂದ ಅವರು ಯುರೋಪನ್ನೆಲ್ಲ ಸುತ್ತಿದರು. ಕನ್ನಡದಲ್ಲಿ ಪಂಚತಂತ್ರವನ್ನು ಬರೆದ ದುರ್ಗಸಿಂಹನೂ ಚಾಳುಕ್ಯ ಜಯಸಿಂಹನ ಆಸ್ಥಾನದಲ್ಲಿ ಸಂಧಿವಿಗ್ರಹಿಯಾಗಿದ್ದನೆಂಬುದನ್ನು ಇಲ್ಲಿ ನೆನೆಯಬಹುದು. ಅರಮನೆಯ ಪತ್ರವ್ಯವಹಾರ ಬಲ್ಲವರಿಗೆ ನರಿಗಳ ರಾಜನೀತಿ ಚೆನ್ನಾಗಿ ಅರ್ಥವಾಗುತ್ತದೆಂದು ತೋರುತ್ತದೆ.

ಇನ್ನು ಹೊಸ ಫಾರಸಿಯ ಹುಟ್ಟು. ಅದು ಅರಬ್ಬೀ ಲಿಪಿಯನ್ನು ತೆಗೆದುಕೊಂಡು, ಅರಬ್ಬರಲ್ಲಿಲ್ಲದ ಪ, ಚ, ಗ ಮುಂತಾದ ಧ್ವನಿಗಳಿಗೆ ನಾಲ್ಕು ಅಕ್ಷರಗಳನ್ನು ಸೇರಿಸಿಕೊಂಡು, ಅರಬ್ಬೀ ಪದಗಳನ್ನು ಧಾರಾಳವಾಗಿ ತುಂಬಿಕೊಂಡು ಎದ್ದಿತು. ಎದ್ದುದು ಇರಾನಿನ ನಡುನಾಡಿನಲ್ಲಲ್ಲ, ಪೂರ್ವದ ಖುರಾಸಾನಿನಲ್ಲಿ, ಬುಖಾರದ ಸಾಮಾನಿ ಅರಸರ ಆಶ್ರಯದಲ್ಲಿ. ಅಲ್ಲಿನ ರೂದಕಿ (ಮರಣ 941) ಅದರ ಆದಿಕವಿಗಳಲ್ಲಿ ಅಗ್ರಗಣ್ಯ. ಫಿರ್ದೂಸಿಯು ಸುಮಾರು 50,000 ದ್ವಿಪದಿಗಳ 'ಶಾಹನಾಮೆ'ಯನ್ನು 1010ರಲ್ಲಿ ಮುಗಿಸಿದನು. ಇರಾನಿನ ಪ್ರಾಚೀನ ರಾಜರು ತೂರಾನಿನ ಶತ್ರುಗಳೊಡನೆ ಮಾಡಿದ ಯುದ್ಧಗಳ ಮಹಾಕಥನವದು. ಆ ಕಾಲದ ಓದುಗರಿಗೆ ತೂರಾನಿನವರೆಂದರೆ ತುರ್ಕರು. ಕವಿಯು ಅದನ್ನು ಅರ್ಪಿಸಿದುದು ಗಜನಿಯ ಮಹಮೂದನೆಂಬ ತುರ್ಕ ಸುಲ್ತಾನನಿಗೆ! ಮುಂದೆ ತುರ್ಕ ಅರಸರು ತಲೆಮಾರಿನಿಂದ ತಲೆಮಾರಿಗೆ ಅದೇ ಕಾವ್ಯವನ್ನು ಚಿನ್ನದ ನೀರಿನ ಚಿತ್ರಗಳೊಡನೆ ಬರೆಯಿಸಿ ಇಟ್ಟುಕೊಂಡರು.

ಈ ಯಶಸ್ಸಿಗೆ ಬೆಲೆ ತೆತ್ತವರೂ ಉಂಟು, ಅದನ್ನು ಮರೆಯಬಾರದು. ಸೊಗ್ದಿಯನ್, ಬಾಖ್ತ್ರಿಯನ್, ಖ್ವಾರಜ್ಮಿಯನ್ ಎಂಬ ಫಾರಸಿಯ ಸೋದರಭಾಷೆಗಳು ಅದೇ ಪೂರ್ವಪ್ರಾಂತಗಳಲ್ಲಿದ್ದವು. ರೇಷ್ಮೆಯ ದಾರಿಯುದ್ದಕ್ಕೂ ಚೀನದವರೆಗೆ ವ್ಯಾಪಾರಿಗಳ ನುಡಿಯಾಗಿದ್ದುದು ಸೊಗ್ದಿಯನ್. ಆ ವ್ಯಾಪಾರಿಗಳು ನಾಲ್ಕನೆಯ ಶತಮಾನದ ಆದಿಯಲ್ಲಿ ಬರೆದ ಕಾಗದಗಳನ್ನು 1907ರಲ್ಲಿ ಆರೆಲ್ ಸ್ಟೈನ್ ದುನ್‌ಹುವಾಂಗಿನ ಬಳಿಯ ಕಾವಲುಗೋಪುರವೊಂದರಲ್ಲಿ ಕಂಡನು. ಒಂದು ಕಡೆ ಹೊಸ ಫಾರಸಿ, ಇನ್ನೊಂದು ಕಡೆ ತುರ್ಕರ ನುಡಿ. ಇವೆರಡರ ನಡುವೆ ಸಿಕ್ಕಿ ಈ ಭಾಷೆಗಳೆಲ್ಲ ಅಳಿದವು. ತಾಜಿಕಿಸ್ತಾನದ ಬೆಟ್ಟದ ಕಣಿವೆಯಲ್ಲಿ ಕೆಲವು ಸಾವಿರ ಜನರಾಡುವ ಯಾಘ್ನೋಬಿ ಒಂದೇ ಸೊಗ್ದಿಯನ್ನಿನ ಉಳಿಕೆ. ದೂರದ ಬಂಧುಗಳಾದ ಆರ್ಮೇನಿಯನ್ನೂ ಬಂಧುತ್ವವೇ ಇಲ್ಲದ ಜಾರ್ಜಿಯನ್, ತುರ್ಕಿಗಳೂ ಬದುಕಿ, ಒಡಹುಟ್ಟಿದವೇ ಕರಗಿಹೋದುದು ಯೋಚನೆಗೆ ಎಡೆಗೊಡುವ ವಿಷಯ. ಭಿನ್ನವಾದ ನುಡಿ ಸಾಲ ಪಡೆಯುತ್ತದೆ. ತೀರ ಹತ್ತಿರದ ನುಡಿ ದೊಡ್ಡ ನುಡಿಯೊಳಗೆ ತಾನೇ ಸೇರಿಹೋಗುತ್ತದೆ.

ಮಂಗೋಲರು ಬಂದರು, ಊರುಗಳನ್ನು ಸುಟ್ಟರು. ಆದರೂ 1246ರಲ್ಲಿ ಗುಯೂಕ್ ಖಾನನು ರೋಮಿನ ಪೋಪ್ ನಾಲ್ಕನೆಯ ಇನ್ನೊಸೆಂಟನಿಗೆ ಬರೆಯಿಸಿದ ಬೆದರಿಕೆಯ ಪತ್ರವಿರುವುದು ಫಾರಸಿಯಲ್ಲಿ. ಅದು ಇಂದಿಗೂ ವ್ಯಾಟಿಕನ್ನಿನಲ್ಲಿದೆ. ಮಂಗೋಲನೊಬ್ಬನು ಇಟಲಿಯವನೊಬ್ಬನಿಗೆ, ಇಬ್ಬರಿಗೂ ಸ್ವಂತವಲ್ಲದ ಭಾಷೆಯಲ್ಲಿ! ಇದಕ್ಕಿಂತಲೂ ಸ್ವಾರಸ್ಯವಾದುದು ಸಿಂಹಳದ ಗಾಲೆಯಲ್ಲಿ 1911ರಲ್ಲಿ ದೊರೆತ ಕಲ್ಲು. ಚೀನದ ನೌಕಾಧಿಪತಿ ಝೆಂಗ್ ಹೆ ತಂದು ನಿಲ್ಲಿಸಿದ, 1409ರ ತೇದಿಯ ಈ ಶಿಲಾಲೇಖದಲ್ಲಿ ಮೂರು ಭಾಷೆಗಳಿವೆ: ಚೀನೀ, ತಮಿಳು, ಫಾರಸಿ. ಚೀನೀ ಭಾಗ ಬುದ್ಧನಿಗೆ ಕಾಣಿಕೆ ಸಲ್ಲಿಸುತ್ತದೆ. ತಮಿಳು ಭಾಗ ತೆನವರೈ ನಾಯನಾರ್ ಎಂಬ ದೇವರಿಗೆ, ಫಾರಸಿ ಭಾಗ ಅಲ್ಲಾಹನಿಗೆ. ಆ ಕಡಲಿನಲ್ಲಿ ಫಾರಸಿಯವರ ರಾಜ್ಯ ಯಾವುದೂ ಇರಲಿಲ್ಲ. ವ್ಯಾಪಾರಿಗಳಿದ್ದರು, ಅವರ ಲೆಕ್ಕ ಬರೆಯುವವರಿದ್ದರು.

ತುರ್ಕರ ವಿಷಯದಲ್ಲಿ ಒಂದು ವಿಚಿತ್ರ ಸಂಗತಿಯನ್ನು ಹೇಳಲೇಬೇಕು. 1514ರಲ್ಲಿ ಚಾಲ್ದಿರಾನ್ ಬಯಲಿನಲ್ಲಿ ಉಸ್ಮಾನಿ ತುರ್ಕರ ಸುಲ್ತಾನ ಸಲೀಮನಿಗೂ ಇರಾನಿನ ಶಾಹ ಇಸ್ಮಾಯಿಲನಿಗೂ ಘೋರ ಯುದ್ಧವಾಯಿತು. ಇಬ್ಬರೂ ಕವಿಗಳು. ತುರ್ಕ ಸುಲ್ತಾನನ ಕವಿತೆಗಳಿರುವುದು ಫಾರಸಿಯಲ್ಲಿ. ಇರಾನಿನ ಶಾಹನು 'ಖತಾಯಿ' ಎಂಬ ಅಂಕಿತದಿಂದ ಕವಿತೆ ಬರೆದುದು ತುರ್ಕಿಯಲ್ಲಿ! ಸಲೀಮನ ಫಾರಸಿ ದಿವಾನವನ್ನು 1904ರಲ್ಲಿ ಜರ್ಮನ್ ಚಕ್ರವರ್ತಿಯು ಬರ್ಲಿನ್ನಿನಲ್ಲಿ ಅಚ್ಚು ಹಾಕಿಸಿ ತುರ್ಕಿಯ ಸುಲ್ತಾನನಿಗೆ ಉಡುಗೊರೆ ಕೊಟ್ಟನು. ಶಾಹನು ತನ್ನ ಸೈನಿಕರಾದ ತುರ್ಕ ಬುಡಕಟ್ಟಿನವರ ಹೃದಯ ಮುಟ್ಟಬೇಕಾಗಿತ್ತು, ಅದಕ್ಕೆ ಅವರ ಆಡುಮಾತು. ಸುಲ್ತಾನನು ತನ್ನ ವಿದ್ವತ್ತನ್ನು ತೋರಬೇಕಾಗಿತ್ತು, ಅದಕ್ಕೆ ಫಾರಸಿ. ಜನರಿಗಾಗಿ ಬರೆಯುವವನ ಭಾಷೆ ಬೇರೆ, ಪಂಡಿತರಿಗಾಗಿ ಬರೆಯುವವನ ಭಾಷೆ ಬೇರೆ ಎಂಬುದನ್ನು ವಚನಗಳನ್ನು ಓದಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ತುರ್ಕರಲ್ಲಿ ಇದಕ್ಕೆ ಮರುಮಾತನಾಡಿದವರೂ ಇದ್ದರು. ಹಿರಾತಿನ ಅಲೀಶೇರ್ ನವಾಯಿ ತನ್ನ ಕೊನೆಯ ವರ್ಷಗಳಲ್ಲಿ, 1499ರಲ್ಲಿ, ಎರಡು ಭಾಷೆಗಳ ತಕ್ಕಡಿ ಹಿಡಿದು ತುರ್ಕಿಯು ಫಾರಸಿಗಿಂತ ಕಡಮೆಯಲ್ಲವೆಂದು ವಾದಿಸುವ ಗ್ರಂಥವನ್ನು ಬರೆದನು. ಆತನೂ 'ಫಾನಿ' ಎಂಬ ಅಂಕಿತದಿಂದ ಫಾರಸಿ ಕವಿತೆಗಳನ್ನು ಬರೆದವನೇ. ಮುಂದೆ 1928ರಲ್ಲಿ ತುರ್ಕಿಯು ಅರಬ್ಬೀ ಲಿಪಿಯನ್ನೇ ಬಿಟ್ಟಿತು; 1932ರಲ್ಲಿ ಭಾಷಾಮಂಡಲಿ ಸ್ಥಾಪಿಸಿ ಪರಕೀಯ ಪದಗಳನ್ನು ಹುಡುಕಿ ಹುಡುಕಿ ಹೊರಗೆ ಹಾಕಿತು. ಸಾವಿರಾರು ಪದಗಳು ಹೋದವು. ಆದರೂ ಬುಧವಾರ ಗುರುವಾರಗಳಿಗೆ ಅವರು ಇಂದಿಗೂ ಹೇಳುವುದು ಫಾರಸಿಯ ಹೆಸರುಗಳನ್ನೇ. ಇರಾನಿನವರೂ ಸುಮ್ಮನಿರಲಿಲ್ಲ, 1935ರಲ್ಲಿ ಅಕಾಡೆಮಿಯೊಂದನ್ನು ಸ್ಥಾಪಿಸಿ ಅರಬ್ಬೀ ಪದಗಳಿಗೆ ಬದಲಿ ಹುಡುಕತೊಡಗಿದರು. ಅದೇ ಒಂದು ಭಾಷೆ ಈಗ ಇರಾನಿನಲ್ಲಿ ಫಾರಸಿ. ಆಫ್‌ಘಾನಿಸ್ತಾನದಲ್ಲಿ 1964ರ ಸಂವಿಧಾನದಿಂದ ದರಿ. ತಾಜಿಕಿಸ್ತಾನದಲ್ಲಿ ತಾಜಿಕಿ, ಅದೂ 1940ರಿಂದ ರಷ್ಯನ್ ಲಿಪಿಯಲ್ಲಿ.

ಇಷ್ಟು ವಿಸ್ತಾರಕ್ಕೆ ಒಂದೇ ಭಾಷೆಯನ್ನು ಹಿಡಿದು ನಿಲ್ಲಿಸಿದುದು ಯಾವುದು? ಬಹುಕಾಲ ಹಲಗೆಯ ಮುಂದೆ ನಿಂತವನಾದ ನನ್ನ ಉತ್ತರ ಇದು: ಪಠ್ಯಪುಸ್ತಕ. ಶೀರಾಜಿನ ಸಾದಿಯು 1257ರಲ್ಲಿ 'ಬೂಸ್ತಾನ್', 1258ರಲ್ಲಿ 'ಗುಲಿಸ್ತಾನ್' ಬರೆದನು. ಸಣ್ಣ ಕಥೆ, ನಡುವೆ ಪದ್ಯ, ಕಿವಿಗೆ ಹಿತವಾದ ಗದ್ಯ; ಹುಡುಗನಿಗೂ ತಿಳಿಯುತ್ತದೆ, ಮುದುಕನಿಗೂ ಬೇಸರವಾಗದು. ಬಾಸ್ನಿಯದಿಂದ ಬಂಗಾಳದವರೆಗೆ ಮಕ್ಕಳು ಈ ಎರಡು ಪುಸ್ತಕಗಳಿಂದ ಫಾರಸಿ ಕಲಿತರು. ಬಾಸ್ನಿಯದ ಸೂದಿ ಎಂಬ ಪಂಡಿತನು 16ನೆಯ ಶತಮಾನದಲ್ಲಿ 'ಗುಲಿಸ್ತಾನ್'ಗೆ ತುರ್ಕಿಯಲ್ಲಿ ವ್ಯಾಖ್ಯಾನ ಬರೆದನು. ಇಂಡಿಯಾಕ್ಕೆ ಬಂದ ಕಂಪನಿಯ ಇಂಗ್ಲಿಷ್ ಅಧಿಕಾರಿಗಳೂ ಮುನ್ಷಿಯ ಮುಂದೆ ಕುಳಿತು ಇದನ್ನೇ ಓದಿದರು.

ಭಾರತದಲ್ಲಿ ಫಾರಸಿಯನ್ನು ನೆಲೆಗೊಳಿಸಿದವರೂ ತುರ್ಕ ಮೂಲದವರೇ. ಬಾಬರನು ತನ್ನ ಆತ್ಮಕಥೆಯನ್ನು ಮನೆಮಾತಾದ ತುರ್ಕಿಯಲ್ಲಿ ಬರೆದನು. ಮೊಮ್ಮಗ ಅಕ್ಬರನ ಕಾಲಕ್ಕೆ, 1589ರಲ್ಲಿ, ಅದನ್ನು ಫಾರಸಿಗೆ ಅನುವಾದ ಮಾಡಿಸಬೇಕಾಯಿತು. 1582ರಲ್ಲಿ ಅಕ್ಬರನು ಆಡಳಿತದ ಎಲ್ಲ ಹಂತಗಳಲ್ಲಿಯೂ ಫಾರಸಿಯನ್ನು ಜಾರಿಗೆ ತಂದನು. ಇದರಲ್ಲಿ ಮುಂದಾಳಾಗಿ ನಿಂತವನು ತೋದರಮಲ್ಲ. ಆಮೇಲೆ ಕಾಯಸ್ಥರೂ ಖತ್ರಿಗಳೂ ಆ ಭಾಷೆಯಲ್ಲಿ ಎಷ್ಟು ನುರಿತರೆಂದರೆ, ಶಾಹಜಹಾನನ ಆಸ್ಥಾನದ ಪ್ರಸಿದ್ಧ ಮುನ್ಷಿಯೂ ಕವಿಯೂ ಆದ ಚಂದ್ರಭಾನನು 'ಬ್ರಾಹ್ಮಣ' ಎಂಬುದನ್ನೇ ಕಾವ್ಯನಾಮವಾಗಿಟ್ಟುಕೊಂಡನು. ಫಾರಸಿಯ ದೊಡ್ಡ ನಿಘಂಟುಗಳು ಹಲವು ಹುಟ್ಟಿದುದು ಭಾರತದಲ್ಲಿ. 'ಬುರ್ಹಾನೆ ಕಾತಿ' ಗೋಲ್ಕೊಂಡದಲ್ಲಿ 1652ರಲ್ಲಿ ಸಿದ್ಧವಾಯಿತು, 'ಬಹಾರೆ ಅಜಮ್' ರಚಿಸಿದವನು ಟೇಕ್‌ಚಂದ್ ಎಂಬ ಹಿಂದೂ. ಗುರು ಗೋವಿಂದಸಿಂಹರು ಔರಂಗಜೇಬನಿಗೆ ಬರೆದ ಧೀರ ಪತ್ರ 'ಜಫರ್‌ನಾಮಾ' ಫಾರಸಿಯ ಪದ್ಯದಲ್ಲಿದೆ. ರಾಜಾ ರಾಮಮೋಹನರಾಯರು 1822ರಲ್ಲಿ ಫಾರಸಿ ಪತ್ರಿಕೆಯನ್ನು ನಡೆಸಿದರು.

ಶಿವಾಜಿ ಮಹಾರಾಜನು ರಘುನಾಥ ಪಂಡಿತನಿಂದ 'ರಾಜವ್ಯವಹಾರಕೋಶ'ವನ್ನು ಬರೆಯಿಸಿ ಆಡಳಿತದಲ್ಲಿದ್ದ ಸಾವಿರಕ್ಕೂ ಮಿಕ್ಕ ಫಾರಸಿ ಮೂಲದ ಪದಗಳಿಗೆ ಸಂಸ್ಕೃತ ಪದಗಳನ್ನು ಕೊಡಿಸಿದನು. ಆದರೂ ಮುಂದೆ ರಾಜ್ಯವಾಳಿದ ಪ್ರಧಾನರ ಬಿರುದು 'ಪೇಶ್ವೆ' ಎಂಬ ಫಾರಸಿ ಪದವಾಗಿಯೇ ಉಳಿಯಿತು.

ಇದರ ಇನ್ನೊಂದು ಮುಖವೂ ಉಂಟು. ಹೊಲದ ಒಡೆಯನಾದ ರೈತನು ತನ್ನ ಹೊಲದ ಕಾಗದವನ್ನು ತಾನು ಓದಲಾರನು. ಓದಿ ಹೇಳುವವನು ಹೇಳಿದುದೇ ಕಂದಾಯ, ಅವನು ಬರೆದುದೇ ಸಾಲ. ದಿವಿರರನ್ನು ಕುರಿತು ಕ್ಷೇಮೇಂದ್ರನು ಕೋಪಿಸಿಕೊಂಡುದು ಇದೇ ಕಾರಣಕ್ಕೆ. 1837ರಲ್ಲಿ ಕಂಪನಿ ಸರ್ಕಾರವು ಕಾಯಿದೆ ಮಾಡಿ ಕಚೇರಿಗಳಿಂದ ಫಾರಸಿಯನ್ನು ತೆಗೆಯತೊಡಗಿತು. ಬೀದರ, ಕಲಬುರಗಿ, ರಾಯಚೂರುಗಳು ಸೇರಿದ್ದ ಹೈದರಾಬಾದ್ ಸಂಸ್ಥಾನದಲ್ಲಿ ಮಾತ್ರ ಅದು 1880ರ ದಶಕದವರೆಗೂ ಆಡಳಿತ ಭಾಷೆಯಾಗಿದ್ದು, ಅನಂತರ ಉರ್ದುವಿಗೆ ಎಡೆಬಿಟ್ಟಿತು. ಕನ್ನಡದ ರೈತನಿಗೆ ಆ ಬದಲಾವಣೆಯಿಂದ ಆದ ಲಾಭವೇನೂ ಇಲ್ಲ.

ಕನ್ನಡ ನಾಡಿಗೂ ಫಾರಸಿಗೂ ಇದ್ದ ಸಂಬಂಧವನ್ನು ಪೂರ್ತಿಯಾಗಿ ಬರೆಯಲು ಒಂದು ಗ್ರಂಥವೇ ಬೇಕು. ಇಲ್ಲಿ ಕೆಲವು ಮಾತುಗಳು. 1443ರಲ್ಲಿ ಹಿರಾತಿನ ರಾಯಭಾರಿ ಅಬ್ದುರ್ ರಜಾಕನು ವಿಜಯನಗರಕ್ಕೆ ಬಂದಾಗ ಪಟ್ಟದಲ್ಲಿದ್ದವನು ಪ್ರೌಢದೇವರಾಯ. ಲಕ್ಕಣ್ಣ ದಂಡೇಶ, ಜಕ್ಕಣಾರ್ಯರೇ ಮೊದಲಾದ ಶಿವಶರಣರಿಂದ ಬೆಳಗಿದ ಆಸ್ಥಾನವದು. ಅಬ್ದುರ್ ರಜಾಕನು ತನ್ನ ಫಾರಸಿ ಗ್ರಂಥದಲ್ಲಿ ಅರಮನೆಯ ಬಳಿಯ ಲೆಕ್ಕದ ಚಾವಡಿಯನ್ನು ವರ್ಣಿಸುತ್ತ, ಅಲ್ಲಿ ಎರಡು ಬಗೆಯ ಬರವಣಿಗೆ ಇದ್ದುದನ್ನು ಗುರುತಿಸಿದ್ದಾನೆ: ಒಂದು ಓಲೆಯ ಮೇಲೆ ಕಬ್ಬಿಣದ ಕಂಠದಿಂದ ಕೊರೆಯುವುದು, ಇನ್ನೊಂದು ಕಪ್ಪು ಬಳಿದ ಹಾಳೆಯ ಮೇಲೆ ಮೆದುಕಲ್ಲಿನ ಕಡ್ಡಿಯಿಂದ ಬರೆಯುವುದು. ಎರಡನೆಯದು ನಮ್ಮ ಕಡತ, ಅದರ ಬಳಪ. ಕಣ್ಣಿಗೆ ಬಿದ್ದುದು ಆನೆ ಕುದುರೆಗಳಷ್ಟೇ ಅಲ್ಲ, ಲಿಪಿಕಾರರ ಸಲಕರಣೆಯೂ ಹೌದು! ಆಡಳಿತದ ಮುಖ್ಯನನ್ನು ಆತನು 'ದನಾಯಕ್' ಎಂದು ಕರೆದಿದ್ದಾನೆ. ನಮ್ಮ ದಣ್ಣಾಯಕ ಹೀಗೆ ಫಾರಸಿಯ ಗ್ರಂಥವನ್ನು ಹೊಕ್ಕನು.

ಬೀದರಿನ ಮಹಮೂದ್ ಗವಾನನು ಕ್ಯಾಸ್ಪಿಯನ್ ತೀರದ ಗೀಲಾನಿನವನು. ಬಹಮನಿ ರಾಜ್ಯದ ಪ್ರಧಾನಿಯಾಗಿ 1472ರಲ್ಲಿ ಮೂರಂತಸ್ತಿನ ಮದರಸವನ್ನು ಕಟ್ಟಿಸಿದನು. 17ನೆಯ ಶತಮಾನದ ಕೊನೆಯಲ್ಲಿ ಸ್ಫೋಟದಿಂದ ಅರ್ಧ ಕೆಡೆದರೂ ಅದರ ನೀಲಿ ಹಂಚಿನ ಕೆಲಸ ಇಂದಿಗೂ ಅಲ್ಲಲ್ಲಿ ಹೊಳೆಯುತ್ತದೆ. ಪತ್ರಲೇಖನದಲ್ಲಿ ಆತನು ಅದ್ವಿತೀಯ. ಅವನ ಪತ್ರಗಳ ಸಂಗ್ರಹ 'ರಿಯಾಜುಲ್ ಇನ್ಶಾ' ಹೆಸರಾದುದು. ಅಂಥವನನ್ನು ಶತ್ರುಗಳು ಕೊಲ್ಲಿಸಿದುದು, ಅವನ ಮುದ್ರೆಯೊತ್ತಿದ ಖಾಲಿ ಕಾಗದದ ಮೇಲೆ ಸುಳ್ಳು ಪತ್ರ ಬರೆದು ಸುಲ್ತಾನನಿಗೆ ತೋರಿಸಿ! ಇದು ನಡೆದುದು 1481ರಲ್ಲಿ. ಬಿಜಾಪುರದಲ್ಲಿ ಒಂದನೆಯ ಇಬ್ರಾಹಿಮ್ ಆದಿಲಶಾಹನು ಲೆಕ್ಕಪತ್ರಗಳನ್ನು ಫಾರಸಿಯಿಂದ ದೇಶಭಾಷೆಗೆ ಬದಲಾಯಿಸಿ ಬ್ರಾಹ್ಮಣ ಲೆಕ್ಕಿಗರನ್ನು ನೇಮಿಸಿದನೆಂದು, ಅದೇ ಊರಿನಲ್ಲಿ ಕುಳಿತು ಫಾರಸಿಯಲ್ಲಿ ಇತಿಹಾಸ ಬರೆದ ಫಿರಿಶ್ತನು ಹೇಳುತ್ತಾನೆ. ಎರಡನೆಯ ಇಬ್ರಾಹಿಮನು ಸರಸ್ವತಿಯನ್ನು ಸ್ತುತಿಸುವ ಹಾಡುಗಳನ್ನು ದಖ್ಖನಿಯಲ್ಲಿ ಬರೆದನು. ಆ ಗ್ರಂಥಕ್ಕೆ ಮುನ್ನುಡಿ ಬರೆದವನು ಇರಾನಿನಿಂದ ಬಂದ ಜುಹೂರಿ.

ನಮ್ಮ ನುಡಿಯಲ್ಲಿ ನಿಂತ ಪದಗಳಂತೂ ಲೆಕ್ಕವಿಲ್ಲ: ಜಮೀನು, ದರ್ಖಾಸ್ತು, ಗುಮಾಸ್ತ, ಕಾರಕೂನ, ಬಂದೋಬಸ್ತು, ದರ್ಜಿ, ರುಮಾಲು. ತಾಲ್ಲೂಕು, ವಸೂಲಿ, ಹಾಜರಿಗಳು ಮೂಲತಃ ಅರಬ್ಬಿಯವಾದರೂ ಫಾರಸಿಯ ಗಾಡಿಯಲ್ಲಿ ಬಂದವು. ಕೆಲವು ಇಲ್ಲಿಗೆ ಬಂದು ಅರ್ಥ ಬದಲಿಸಿಕೊಂಡವು. 'ರಾಜೀನಾಮೆ' ಎಂದರೆ ಮೂಲದಲ್ಲಿ ಒಪ್ಪಿಗೆಯ ಪತ್ರ. ರೈತನು ಜಮೀನನ್ನು ತನ್ನ ಒಪ್ಪಿಗೆಯಿಂದ ಬಿಟ್ಟುಕೊಡುವಾಗ ಬರೆದುಕೊಡುತ್ತಿದ್ದ ಕಾಗದಕ್ಕೆ ಆ ಹೆಸರು ಬಂದು, ಕೊನೆಗೆ ಹುದ್ದೆಯನ್ನು ಬಿಡುವುದೇ ಅದರ ಅರ್ಥವಾಯಿತು. ವಚನ ಸಾಹಿತ್ಯದ ವಿದ್ಯಾರ್ಥಿಗಳಿಗೆ ಇಲ್ಲಿ ಒಂದು ಸೂಚನೆ: ಈ ಕಚೇರಿಯ ಪದಗಳು ಕನ್ನಡಕ್ಕೆ ಬಂದುದು ಬಹುಮಟ್ಟಿಗೆ ಬಹಮನಿಗಳ ಕಾಲದಿಂದೀಚೆಗೆ. 12ನೆಯ ಶತಮಾನದ ಶರಣರ ಅಂಕಿತವಿರುವ ವಚನದಲ್ಲಿ ಅಂಥ ಪದ ಕಂಡರೆ, ಅದರ ಪಾಠವನ್ನೂ ಕಾಲವನ್ನೂ ಮತ್ತೊಮ್ಮೆ ಪರೀಕ್ಷಿಸಿ ಮುಂದುವರಿಯುವುದು ಒಳಿತು.

ಬೀದರಿನ ಹೊರಗೆ ಅಷ್ಟೂರಿನಲ್ಲಿ 1436ರಲ್ಲಿ ತೀರಿಕೊಂಡ ಬಹಮನಿ ಸುಲ್ತಾನ ಅಹಮದ್ ಶಾಹನ ಗೋರಿಯಿದೆ. ಇರಾನಿನ ಕಿರ್ಮಾನ್ ಪ್ರಾಂತದ ಸೂಫಿ ಶಾಹ ನಿಯಾಮತುಲ್ಲಾನಿಗೆ ಆತನು ಭಕ್ತ. ಗುರುವಿನ ಮಗ ಮೊಮ್ಮಕ್ಕಳನ್ನು ಬೀದರಿಗೆ ಕರೆಸಿಕೊಂಡವನು. ಗೋರಿಯ ಒಳಗೋಡೆ, ಗುಮ್ಮಟಗಳ ತುಂಬ ಆ ಗುರುವಿನ ಫಾರಸಿ ಪದ್ಯಗಳು ಚಿನ್ನದ ಅಕ್ಷರಗಳಲ್ಲಿವೆ. ಸುತ್ತಣ ಜನರು ಈ ಸುಲ್ತಾನನನ್ನು ಅಲ್ಲಮಪ್ರಭುವೆಂದು ಭಾವಿಸಿ ನಡೆದುಕೊಳ್ಳುತ್ತಾರೆ. ಪ್ರಭುದೇವರು 12ನೆಯ ಶತಮಾನದವರು, ಸುಲ್ತಾನನು 15ನೆಯ ಶತಮಾನದವನು. ಇದು ಇತಿಹಾಸವಲ್ಲ, ಭಕ್ತಿಯ ನಂಬುಗೆ. ಹೋಳಿ ಹುಣ್ಣಿಮೆಯ ಅನಂತರ ನಡೆಯುವ ಅಲ್ಲಿಯ ಉರುಸಿಗೆ ಕಲಬುರಗಿ ಜಿಲ್ಲೆಯ ಮಾಡಿಯಾಳದಿಂದ ಜಂಗಮರು ಭಕ್ತರೊಡನೆ ಬಂದು ಗೋರಿಯ ಮುಂದೆ ಶಂಖ ಊದಿ ಪೂಜೆ ಸಲ್ಲಿಸುವ ಸಂಪ್ರದಾಯವನ್ನು ಯಜ್ದಾನಿ ಅವರು 1947ರ ತಮ್ಮ ಬೀದರಿನ ಇತಿಹಾಸದಲ್ಲಿ ದಾಖಲಿಸಿದ್ದಾರೆ.